ಇಂಕಾ ದೊರೆ ಎಸೆಯಬೇಕಿದ್ದ ಪುಸ್ತಕ

ಐನೂರು ವರ್ಷಗಳ ಹಿಂದೆ ಸ್ಪೇನಿನವರು ದಕ್ಷಿಣ ಅಮೆರಿಕದ ಇಂಕಾ ರಾಜ್ಯವನ್ನು ಹೇಗೆ ನುಂಗಿ ನೀರು ಕುಡಿದರು ಎಂಬುದು ನನಗೆ ಈ ಜನ್ಮಕ್ಕೆ ಬೇಕಾಗಿರಲಿಲ್ಲ. ಆರನೇ ಕ್ಲಾಸಿನ ಮಗಳ ದೆಸೆಯಿಂದ ಅದು ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಗೇ ಬಂದು ಎರಡು ವಾರ ಠಿಕಾಣಿ ಹೂಡಿತು.

ಶಾಲೆಯಲ್ಲಿ ಆ ಕಥೆಯನ್ನು ನಾಟಕ ಮಾಡಿಸುತ್ತಿದ್ದರು. ನಮ್ಮವಳಿಗೆ ಇಂಕಾ ದೊರೆಯ ಪಾತ್ರ. ಕಿಂಡರ್‌ಗಾರ್ಟನ್‌ನಿಂದ ಇಲ್ಲಿಯವರೆಗೆ ಅವಳು ಮರವಾಗಿದ್ದಳು, ಮೋಡವಾಗಿದ್ದಳು, ಒಂದು ವರ್ಷ ಕುಂಬಳಕಾಯಿಯೂ ಆಗಿದ್ದಳು. ಬಾಯಿ ಬಿಡುವ ಪಾತ್ರ ಸಿಕ್ಕಿದ್ದು ಇದೇ ಮೊದಲು. ಸ್ಕೂಲ್ ಬಸ್ಸಿನಿಂದ ಇಳಿದವಳು ಬೂಟನ್ನೂ ಬಿಚ್ಚದೆ ಅಡುಗೆಮನೆಗೆ ಓಡಿಬಂದು ಹೇಳಿದಳು. ಆ ಮುಖ ನೋಡಿ ನಾನೂ ಬೂಟಿನ ವಿಷಯ ಎತ್ತಲಿಲ್ಲ.

ದೃಶ್ಯ ಇಷ್ಟೇ. ದೊರೆ ಪಲ್ಲಕ್ಕಿಯಲ್ಲಿ ಬರುತ್ತಾನೆ. ಸ್ಪೇನಿನ ಪಾದ್ರಿಯೊಬ್ಬ ತನ್ನ ಧರ್ಮಗ್ರಂಥವನ್ನು ಅವನ ಕೈಗಿತ್ತು, ಇದನ್ನು ಒಪ್ಪಿಕೋ ಎನ್ನುತ್ತಾನೆ. ಹುಟ್ಟಿದಾಗಿನಿಂದ ಪುಸ್ತಕವನ್ನೇ ಕಾಣದ ದೊರೆ ಹಿಂದೆ ಮುಂದೆ ತಿರುಗಿಸಿ ನೋಡಿ ನೆಲಕ್ಕೆಸೆಯುತ್ತಾನೆ. ಅಷ್ಟೇ ನೆಪ ಸಾಕಾಯಿತು. ಅಡಗಿದ್ದ ಸ್ಪೇನಿನ ಸೈನಿಕರು ನುಗ್ಗಿ, ಬರಿಗೈಲಿ ಬಂದಿದ್ದ ಅವನ ಜನರನ್ನು ಕಡಿದುಹಾಕಿ ಅವನನ್ನು ಸೆರೆಹಿಡಿದರು. ಆಮೇಲೆ ಕೋಣೆ ತುಂಬ ಚಿನ್ನ ಕೊಟ್ಟರೂ ಬಿಡದೆ ಕೊಂದರು. ಅಷ್ಟು ದೊಡ್ಡ ರಾಜ್ಯ ಅಲ್ಲಿಂದ ಮೇಲೇಳಲಿಲ್ಲ.

ಅಂತೂ ಪುಸ್ತಕ ಎಸೆಯಬೇಕು. ಮೊದಲ ದಿನ ಫ್ಯಾಮಿಲಿ ರೂಮಿನಲ್ಲಿ ಗಣಿತದ ಪುಸ್ತಕ ಎಸೆದಳು. ಕುಕ್ಕರಿನ ಮುಂದಿದ್ದ ನಾನು ಹಿಂದೆಮುಂದೆ ನೋಡದೆ, "ಏಯ್, ಸರಸ್ವತಿ ಕಣೇ ಅದು, ಎತ್ತಿ ಕಣ್ಣಿಗೊತ್ಕೋ" ಎಂದು ಗದರಿದೆ. ಅವಳೂ ಹಿಂದೆಮುಂದೆ ನೋಡದೆ ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ನಡೆಯಲು ಕಲಿತಾಗಿನಿಂದ ಇದನ್ನು ಕಲಿಸಿದ್ದು ನಾನೇ. ಕನ್ನಡದಲ್ಲಿ ಮಾತಾಡೇ ಎಂದು ಹನ್ನೊಂದು ವರ್ಷ ಬಾಯಿ ಬಡಿದುಕೊಂಡರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿಗೆ, ನೋಡಿ, ಇದೊಂದು ಮಾತ್ರ ಮೈಗೆ ಹತ್ತಿಬಿಟ್ಟಿತ್ತು!

ಶಾಲೆಯ ರಿಹರ್ಸಲ್ಲಿನಲ್ಲೂ ಅದೇ ಹಾಡು. ಎಸೆಯುವ ಬದಲು, ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಡುತ್ತಿದ್ದಳಂತೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಪಾತ್ರ ಬೇರೆಯವರಿಗೆ ಹೋಗುತ್ತದೆ ಎಂದರಂತೆ ಟೀಚರ್. ಮಗಳು ತಟ್ಟೆಯ ಮುಂದೆ ಕೂತು ಮುಸುಮುಸು ಅಳುತ್ತಾ, "ಇಟ್ಸ್ ಯುವರ್ ಫಾಲ್ಟ್, ಅಮ್ಮಾ" ಎಂದಳು. ಮೈಯೆಲ್ಲ ಉರಿದುಹೋಯಿತು. ಅವಳು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೆ.

ಹತ್ತಿರದ ವಾರೆನ್ ಊರಿನಲ್ಲಿ ಕಾರಿನ ಬ್ರೇಕುಗಳ ಡಿಸೈನ್ ಮಾಡುವ ನನ್ನ ಗಂಡ ಆಫೀಸಿನಿಂದ ಬಂದವರೇ ಉಪದೇಶಕ್ಕೆ ಕೂತರು. ನಾಟಕದಲ್ಲಿ ಪುಸ್ತಕ ಅನ್ನೋದು ಪುಸ್ತಕವೇ ಅಲ್ಲವಂತೆ. ಹಾಗಾದರೆ ನೀವೇ ಒಂದು ಎಸೆದು ತೋರಿಸಿ ಎಂದೆ. ಶೆಲ್ಫಿನಿಂದ ಒಂದು ದಪ್ಪ ಪುಸ್ತಕ ತೆಗೆದರು, ಕೈಯಲ್ಲಿ ತೂಗಿ ನೋಡಿದರು, ಸದ್ದಿಲ್ಲದೆ ವಾಪಸ್ಸಿಟ್ಟು ಸೀರಿಯಲ್ ಡಬ್ಬ ತಂದರು. ಡಬ್ಬವನ್ನು ಮಗಳು ಭರ್ಜರಿಯಾಗಿಯೇ ಎಸೆದಳು. ಎರಡು ದಿನ ಕಾರ್ಪೆಟ್ ತುಂಬ ಕಾರ್ನ್‌ಫ್ಲೇಕ್ಸ್, ವ್ಯಾಕ್ಯೂಮ್ ಮಾಡಿದವಳು ನಾನು.

ಗುರುವಾರ ಸಂಜೆ ನಾನೇ ಪುಸ್ತಕ ಕೈಗೆ ಕೊಟ್ಟು, ಎದುರಿಗೆ ನಿಂತು, ಹಲ್ಲು ಕಚ್ಚಿಕೊಂಡು, "ಎಸಿ ಪುಟ್ಟಿ, ನಾನೇನೂ ಅನ್ನಲ್ಲ" ಎಂದೆ. ಎಸೆದಳು. ನಾನೇನೂ ಅನ್ನಲಿಲ್ಲ. ಅವಳು ಮಹಡಿ ಹತ್ತಿದ ಮೇಲೆ ಎತ್ತಿ ಕಣ್ಣಿಗೊತ್ತಿಕೊಂಡೆ.

ಪಾತ್ರ ಉಳಿಯಿತು. ನಾಟಕದ ದಿನ ಮುಂದಿನ ಸಾಲಿನಲ್ಲೇ ಕೂತೆ. ಚಕ್ರದ ಕುರ್ಚಿಯೇ ಪಲ್ಲಕ್ಕಿ, ತಲೆಗೆ ಕಾಗದದ ಗರಿ. ಗದ್ದ ಎತ್ತಿ, ಕೊನೆಯ ಸಾಲಿಗೂ ಕೇಳುವಂತೆ ಮಾತಾಡಿದಳು. ಪುಸ್ತಕ ತೆಗೆದುಕೊಂಡು ತಿರುಗಿಸಿ ನೋಡಿ ಎಸೆದಳು. ಧೊಪ್ಪೆಂದು ಬಿತ್ತು. ಅಬ್ಬಾ, ಗೆದ್ದಳು ಎಂದುಕೊಂಡೆ. ರಟ್ಟಿನ ಕತ್ತಿ ಹಿಡಿದ ಸೈನಿಕರು ನುಗ್ಗಿ ಅವಳ ಎರಡೂ ತೋಳು ಹಿಡಿದರು. ಪರದೆ ಎಳೆಯಬೇಕು, ಅಷ್ಟರಲ್ಲಿ ಸೆರೆಯಾದ ದೊರೆ ಕೊಸರಿಕೊಂಡು, ಬಗ್ಗಿ ಪುಸ್ತಕ ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡುಬಿಡಬೇಕೆ!

ಇಡೀ ಸಭೆ ನಕ್ಕಿತು. ಇದು ಇಂಕಾದವರ ಪದ್ಧತಿಯೇ ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. ರೇಗಿಹೋಗಿದ್ದ ನಾನು ಹೌದು ಎಂದುಬಿಟ್ಟೆ.

ಕಾರಿನಲ್ಲಿ ಕೂತ ತಕ್ಷಣ ಶುರುಮಾಡಿದೆ. ಎಸೆದಾಗಿತ್ತಲ್ಲ, ಎಲ್ಲ ಮುಗಿದಿತ್ತಲ್ಲ, ಮತ್ತೆ ಯಾಕೆ ಎತ್ತಬೇಕಿತ್ತು? ಅಷ್ಟು ದಿನ ಪಟ್ಟ ಪಾಡೆಲ್ಲ ಯಾಕೆ? ಅವಳು ಗರಿ ಬಿಚ್ಚುತ್ತಾ ಕೇಳಿಸಿಕೊಂಡಳು. ಅದು ಸೈನಿಕರದೇ ಪುಸ್ತಕವಲ್ಲವೇ, ಅದಕ್ಕೆ ಅವಮಾನವಾಯಿತೆಂದೇ ಅಲ್ಲವೇ ಅವರು ಓಡಿಬಂದಿದ್ದು ಎಂದು ನನ್ನನ್ನೇ ಕೇಳಿದಳು.

"ಬಟ್ ದೇ ವರ್ ಆಲ್ ಸ್ಟೆಪಿಂಗ್ ಆನ್ ಇಟ್, ಅಮ್ಮಾ."

ಹೌದು, ಎಲ್ಲರೂ ತುಳಿಯುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ.