ಮಗಳ ರೆಫರಾಟ್, ಅಮ್ಮನ ಥೀಸಿಸ್

“ಅಮ್ಮಾ, ನಂಗಿರೋದು ಹತ್ತೇ ನಿಮಿಷ. ನೀನಿನ್ನೂ ಅವಳ ಮದುವೆವರೆಗೂ ಬಂದಿಲ್ಲ!”

ಮಗಳು ಪೂರ್ವಿ ಹೀಗೆ ಕಿರುಚಿದಾಗ ನಾನು ಸೌಟು ಹಿಡಿದು ಪಾಠ ಮಾಡುತ್ತಿದ್ದೆ. ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಅವಳ ಶಾಲೆಯಲ್ಲಿ ಮರುದಿನ ರೆಫರಾಟ್. ಅಂದರೆ ಕ್ಲಾಸಿನ ಮುಂದೆ ನಿಂತು ಒಂದು ವಿಷಯದ ಬಗ್ಗೆ ಮಾತಾಡಬೇಕು. ಅವಳಿಗೆ ಸಿಕ್ಕಿದ್ದು ಅಮೆರಿಕದ ಆರಂಭದ ದಿನಗಳ ಒಬ್ಬ ಲೇಖಕಿ. (ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ಬಿಡಿ.) ಕಾದಂಬರಿ ಬರೆದವಳು, ನಾಟಕದಲ್ಲಿ ನಟಿಸಿದವಳು. ಗಂಡನ ದುಡಿಮೆ ನೆಚ್ಚುವಂತಿರಲಿಲ್ಲ. ರಂಗ ಬಿಟ್ಟು ಹೆಣ್ಣುಮಕ್ಕಳ ಶಾಲೆ ತೆರೆದಳು. ಅವರಿಗೆ ತಕ್ಕ ಪುಸ್ತಕಗಳಿಲ್ಲವೆಂದು ತಾನೇ ಬರೆದಳು. ಸಂಸಾರವನ್ನೂ ಸಾಕಿದಳು.

“ಇದೆಲ್ಲಾ ನಿಂಗೆ ಹೇಗ್ ಗೊತ್ತು?”

“ಅವಳ ಮೇಲೇ ಪಿಎಚ್‌.ಡಿ ಮಾಡ್ತಿದ್ದೆ ಕಣೆ. ಮೈಸೂರಿನ ಕಾಲೇಜಲ್ಲಿ ಇಂಗ್ಲಿಷ್ ಪಾಠಾನೂ ಮಾಡ್ತಿದ್ದೆ.”

“ನೀನಾ? ವಿರ್ಕ್ಲಿಷ್? ನಿಜವಾಗ್ಲೂ?”

ಬುದ್ಧಿ ಬಂದಾಗಿನಿಂದ ಅವಳಿಗೆ ನಾನು ಶಾಲೆಯ ಫಂಕ್ಷನ್ನಿಗೆ ಚಿತ್ರಾನ್ನ ಕಳಿಸುವ ಅಮ್ಮ. ತಪ್ಪು ಅವಳದಲ್ಲ. ಮದುವೆಯಾಗಿ ಇಲ್ಲಿಗೆ ಬಂದಾಗ, ಸ್ವಲ್ಪ ಸೆಟ್ಲ್ ಆಗಿ ಥೀಸಿಸ್ ಮುಗಿಸುತ್ತೇನೆ ಅಂದಿದ್ದೆ. ಆಮೇಲೆ ಜರ್ಮನ್ ಕ್ಲಾಸು. ಆಮೇಲೆ ಬಾಣಂತನ. ಆಮೇಲೆ ಕಿಟಾದಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಗುವಿಗೆ ಸೀಟು ಸಿಗದ ಪರದಾಟ. ನನ್ನನ್ನು ಯಾರೂ ತಡೆಯಲಿಲ್ಲ. ಅದೇ ಸಂಕಟ. ತಡೆದಿದ್ದರೆ ಜಗಳವಾದರೂ ಆಡಬಹುದಿತ್ತು! ಗಂಡ ಇವತ್ತಿಗೂ “ಮುಗ್ಸು, ಯಾರ್ ಬೇಡ ಅಂದ್ರು?” ಅನ್ನುತ್ತಾರೆ.

ಪೂರ್ವಿಯ ಇಂಗ್ಲಿಷ್ ಟೀಚರ್‌ಗೆ ಒಂದು ಅಭ್ಯಾಸವಿದೆ. ವಿಷಯ ಬಲ್ಲ ಅಪ್ಪ ಅಮ್ಮಂದಿರನ್ನು ಕ್ಲಾಸಿಗೆ ಕರೆದು ಮಾತಾಡಿಸುತ್ತಾರೆ. ಹೋದ ತಿಂಗಳು ಯಾರದೋ ಅಪ್ಪ, ಪೈಲಟ್, ಬಂದಿದ್ದರಂತೆ. ನನ್ನನ್ನೂ ಕರೆದರೆ? ಮತ್ತೊಮ್ಮೆ ಒಂದು ಕ್ಲಾಸಿನ ಮುಂದೆ ನಿಲ್ಲುವ ಆಸೆ ಇಷ್ಟೊಂದು ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. ಮೊದಲ ವಾಕ್ಯ ಸಿದ್ಧವಾಗಿತ್ತು. (ಯಾವ ಸೀರೆ ಎಂಬುದೂ.)

ಮರುದಿನ ಮಧ್ಯಾಹ್ನ ಪೂರ್ವಿ ಕುಣಿಯುತ್ತಾ ಬಂದಳು. “ಐನ್ಸ್ ಬಂತು!” ಇಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಒಳ್ಳೆಯ ಮಾರ್ಕು.

“ಯಾರ್ ಹೇಳ್ಕೊಟ್ರು ಅಂತ ಟೀಚರ್ ಕೇಳ್ಲಿಲ್ವಾ?”

“ಕೇಳಿದ್ರು. ಇಂಟರ್‌ನೆಟ್ ಅಂದೆ.”

“ನನ್ ಹೆಸ್ರು ಯಾಕೆ ಹೇಳ್ಲಿಲ್ಲ ಪುಟ್ಟಿ?”

ಅವಳು ಶೂ ಬಿಚ್ಚುತ್ತಾ, ತಲೆ ಎತ್ತದೆ, ಮೆಲ್ಲಗೆ ಅಂದಳು: “ನಿಮ್ಮಮ್ಮ ಈಗ ಏನ್ ಮಾಡ್ತಾರೆ ಅಂತ ಕೇಳ್ತಾರಲ್ಲಮ್ಮ. ನಿಂಗೆ ಬೇಜಾರಾಗಲ್ವಾ?”

ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಮಗು ನನ್ನ ಮಾನ ಉಳಿಸಿ ಬಂದಿತ್ತು.

ಅಮ್ಮ ಕನ್ನಡ ಪೇಪರಿಗೆ ಅಂಕಣ ಬರೀತಾಳೆ ಅನ್ನಬಹುದಿತ್ತಲ್ಲ, ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಈ ಅಂಕಣ ಅವಳಿಗೆ ಓದಲು ಬಂದರೆ ತಾನೆ?

ಇರುವ ಒಬ್ಬಳೇ ಮಗಳಿಗೆ ಕನ್ನಡ ಅಕ್ಷರ ಕಲಿಸದ ನಾನು ಯಾವ ಸೀಮೆ ಟೀಚರ್?