ನಲವತ್ತೊಂದನೇ ಪುಟದ ಚುಕ್ಕಿ

ನಾನು ಓದುವವನಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ, ಕುಮಾರಸ್ವಾಮಿ ಲೇಔಟಿನಲ್ಲಿ ಫ್ಯಾನು, ಸ್ವಿಚ್ಚು ಮಾರುತ್ತ ವಯಸ್ಸಾದವನು. ಓದುತ್ತಿದ್ದವಳು ನನ್ನ ಹೆಂಡತಿ ಗಿರಿಜ. ಜಯನಗರದ ಬಾಡಿಗೆ ಲೈಬ್ರರಿಯಿಂದ ಅವಳಿಗೆ ಪುಸ್ತಕ ತರುವುದಷ್ಟೇ ನನ್ನ ಸಾಹಿತ್ಯ ಸೇವೆ. ಅದರಲ್ಲೂ ಎಡವಿ, ಓದಿದ್ದನ್ನೇ ಮತ್ತೆ ತರುತ್ತಿದ್ದೆ. ಅದಕ್ಕೇ ಅವಳು ಓದಿ ಮುಗಿಸಿದ ಪುಸ್ತಕದ ನಲವತ್ತೊಂದನೇ ಪುಟದಲ್ಲಿ, ಅಂಕಿಯ ಕೆಳಗೆ, ಪೆನ್ಸಿಲಿನಿಂದ ಚುಕ್ಕಿ ಇಡತೊಡಗಿದಳು. ಚುಕ್ಕಿ ಇದ್ದರೆ ತರಬೇಡ ಎಂದರ್ಥ. ಅಲ್ಲಿನ ಹಳೆಯ ಓದುಗರಿಗೆಲ್ಲ ಇಂಥದೊಂದು ಗುರುತಿದೆ. ಒಬ್ಬರದು ನಕ್ಷತ್ರ, ಇನ್ನೊಬ್ಬರದು ಸೊನ್ನೆ. ನಲವತ್ತೊಂದೇ ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಇನ್ನು ಕೇಳುವ ಹಾಗಿಲ್ಲ.

ಅವಳು ತೀರಿಕೊಂಡು ಎರಡು ತಿಂಗಳಾದ ಮೇಲೆ ಲೈಬ್ರರಿಯ ಮೂರ್ತಿ ಫೋನ್ ಮಾಡಿದ. "ಸಾರ್, ಮೇಡಂ ಬರೆಸಿಟ್ಟಿದ್ರಲ್ಲ, ಅವರ ಫೇವರಿಟ್ ಲೇಖಕರದು ಹೊಸ ಕಾದಂಬರಿ ಬಂದಿದೆ. ರಾಜಕುಮಾರಿ ಲವ್ ಸ್ಟೋರಿ. ಹೇಳ್ಬಿಡಿ ಅವರಿಗೆ."

"ಹೇಳ್ತೀನಿ" ಎಂದೆ. ಮೋಸ ಮಾಡಬೇಕೆಂದಲ್ಲ. ಊರಲ್ಲಿ ಒಂದು ಕಡೆಯಾದರೂ ಅವಳಿನ್ನೂ ಪುಸ್ತಕಕ್ಕೆ ಕಾಯುತ್ತಿದ್ದಳು. ಅದನ್ನು ಕೆಡಿಸಲು ಬಾಯಿ ಬರಲಿಲ್ಲ.

ತಂದು ನಾನೇ ಓದಿದೆ. ಹನ್ನೊಂದು ದಿನ ಹಿಡಿಯಿತು. ಕೋಟೆಯ ಬಾಗಿಲಿಗೆ ಶತ್ರು ಬಂದು ನಿಂತಿದ್ದಾನೆ, ನಾಯಕ ಮೂರು ಪುಟ ರಾಜಕುಮಾರಿಯ ಕಣ್ಣು ಬಣ್ಣಿಸುತ್ತಾನೆ. ಶತ್ರು, ಪಾಪ, ಕಾಯುತ್ತಾನೆ. ಹೊಯ್ಸಳರ ಕಾಲದ ಆ ಹುಡುಗಿ ಉಪ್ಪರಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕುತ್ತಾಳೆ. ಮೆಣಸಿನಕಾಯಿ ಪರಂಗಿಯವರ ಹಡಗಿನಲ್ಲಿ ಬಂದದ್ದು ಎಷ್ಟೋ ಆಮೇಲೆ, ಅಲ್ಲಿಯವರೆಗೆ ನಮ್ಮ ಸಾರಿಗೆ ಕರಿಮೆಣಸೇ ಗತಿ ಎಂದು ನನಗೆ ಹೇಳಿಕೊಟ್ಟವಳು ಗಿರಿಜ.

ಬೇಸರಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಲೇಖಕರ ಕಾದಂಬರಿಗಳೆಲ್ಲ ನನಗೆ ಗೊತ್ತು, ಊಟದ ಹೊತ್ತಿನಲ್ಲಿ ಅವಳು ಹೇಳಿದ ಹಾಗೆ. ಒಂದನ್ನು ಕೇಳುತ್ತ, ಅನ್ನ ಮೆತ್ತಿದ ಕೈ ಒಣಗುವವರೆಗೆ ತಟ್ಟೆಯ ಮುಂದೆ ಕೂತಿದ್ದೆ. ಅವೂ ಹೀಗೇ ಇದ್ದವೋ, ಅವಳೇ ರಿಪೇರಿ ಮಾಡಿ ಬಡಿಸುತ್ತಿದ್ದಳೋ?

ಪುಸ್ತಕ ಹಿಂದಿರುಗಿಸಲು ಹೋದೆ. ನಲವತ್ತೊಂದನೇ ಪುಟವನ್ನು ಖಾಲಿಯೇ ಬಿಟ್ಟಿದ್ದೆ.

"ಮೇಡಂ ಏನಂದ್ರು ಸಾರ್?"

"ಆ ಕಾಲದಲ್ಲಿ ಮೆಣಸಿನಕಾಯಿ ಎಲ್ಲಿತ್ತು ಅಂತ."

"ಅವರು ಬಿಡ್ತಾರಾ!" ಮೂರ್ತಿ ನಕ್ಕ. "ಹಂಗಾದ್ರೆ ಅವರದೇ ಹಳೇದು ತಗೊಂಡ್ಹೋಗಿ ಸಾರ್, ಸಖತ್ತಾಗಿದೆ."

ಅವನು ಮುಂದಿಟ್ಟದ್ದು ನನ್ನ ಕೈ ಒಣಗಿಸಿದ ಕಾದಂಬರಿಯನ್ನೇ. ಅಭ್ಯಾಸಬಲದಿಂದ ನಲವತ್ತೊಂದನೇ ಪುಟ ತೆಗೆದೆ. ಚುಕ್ಕಿ ಇತ್ತು.

"ಓದ್ಬಿಟ್ಟಿದಾರಾ? ಬೇರೆ ಕೊಡ್ಲಾ?"

"ಬೇಡ. ಅವಳು ಹೋಗಿ ಎರಡು ತಿಂಗಳ ಮೇಲಾಯ್ತು ಮೂರ್ತಿ. ಇದು ನನಗೆ."

ಅವನು ಕೂತಿದ್ದವನು ಎದ್ದು ನಿಂತ.

ಚುಕ್ಕಿ ಇರುವ ಪುಸ್ತಕವನ್ನು ತಿಳಿದೂ ತಿಳಿದೂ ಮನೆಗೆ ತಂದದ್ದು ಇದೇ ಮೊದಲು. ಇನ್ನೂ ಓದತೊಡಗಿಲ್ಲ. ಚೆನ್ನಾಗಿದ್ದರೆ ಲೇಖಕರ ಮೆಣಸಿನಕಾಯಿಯನ್ನು ಕ್ಷಮಿಸುತ್ತೇನೆ. ಚೆನ್ನಾಗಿಲ್ಲದಿದ್ದರೆ, ಇಷ್ಟು ವರ್ಷ ನಾನು ಯಾರ ಕಾದಂಬರಿಗಳನ್ನು ಕೇಳುತ್ತ ಉಂಡೆ ಎಂದು ಗೊತ್ತಾಗುತ್ತದೆ.