ಮಾಮಾನ ಗೊರಕೆ, ನನ್ನ ಉಸಿರು

ಹೋದ ವರ್ಷ ವಿಜಾಪುರದ ಆಸ್ಪತ್ರೆಯಲ್ಲಿ ನನ್ನ ಕೊರಳಿನ ಗಡ್ಡೆ ತೆಗೆಯುವುದೆಂದು ನಿಶ್ಚಯವಾಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ದನಿಯ ನರ ಅದರ ಬೆನ್ನಿಗೇ ಇದೆ ಎಂದು ಸರ್ಜನ್ ಹೇಳಿಬಿಟ್ಟರು. ನನಗಿರುವ ಆಸ್ತಿ ದನಿಯೊಂದೇ. ತಿಕೋಟಾ ಬಸ್ಸಿನ ಕಂಡಕ್ಟರ್, ಗಾಂಧಿ ಚೌಕದ ಬಟ್ಟೆ ಅಂಗಡಿಯ ಸಾಹುಕಾರ, ಹುಡುಗಿಯರೆದುರು ತೊದಲುವ ನಾನು, ಹೀಗೆ ನನ್ನನ್ನೂ ಸೇರಿಸಿ ಎಲ್ಲರ ದನಿ ತೆಗೆದು ಅಣಕಿಸಿ ಎಲ್ಲರಿಂದಲೂ ಬೈಸಿಕೊಂಡವನು.

ಬಬಲೇಶ್ವರದಿಂದ ಮಾಮಾ ಬಂದ. “ಮಾರಿಗೆ ಮಾಸ್ಕ್ ಇಟ್ಟ ಕೂಡ್ಲೆ ಎಚ್ಚರ ತಪ್ಪತೈತಿ. ಏನೂ ತಿಳಿಯಂಗಿಲ್ಲ” ಎಂದು ಧೈರ್ಯ ಹೇಳಿದ.

“ನಿನಗ ಹೆಂಗ ಗೊತ್ತೋ ಮಾಮಾ?”

“ಎಲ್ಲಾರೂ ಅಂತಾರ.”

ಮರುದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ ಒಳಗಿನ ಸಿಲಿಂಡರ್ ಕಂಡು ಅವನ ಧೈರ್ಯವೇ ಹೋಯಿತು. “ಅದು ಆಕ್ಸಿಜನ್ ಅಲ್ಲೇನ್ರಿ? ನಮ್ಮೂರ ಮುದುಕಪ್ಪಗ ಕಡೀ ದಿನ ಹಚ್ಚಿದ್ರು. ಇವ ಈಗಷ್ಟ ನನ್ನ ಅಣಕಿಸ್ಕೋತ ನಡದು ಬಂದಾನ್ರಿ” ಎಂದ. ನರ್ಸ್ ಬಾಗಿಲು ಹಾಕಿಕೊಂಡಳು.

ಹಾಗಾದರೆ ನಾನು ಸಾಯುವವನೋ, ಮಲಗುವವನೋ? ಸೈಕಲ್ ಟ್ಯೂಬಿನ ವಾಸನೆಯ ಕರಿ ಮಾಸ್ಕ್ ಮೂಗು ಬಾಯಿ ಮುಚ್ಚಿತು. “ದೊಡ್ಡ ಉಸಿರು ತಗೋಪಾ” ಎಂದರು ಅರಿವಳಿಕೆಯ ಡಾಕ್ಟರು. ತೆಗೆದುಕೊಂಡೆ. ಮತ್ತೂ ತೆಗೆದುಕೊಂಡೆ. ದೀಪ ಕಾಣುತ್ತಲೇ ಇತ್ತು. ಈ ಔಷಧ ನನಗೆ ನಾಟುವುದಿಲ್ಲವೇನೋ. ಎಚ್ಚರವಿದ್ದಾಗಲೇ ಕೊಯ್ಯುತ್ತಾರೆ, ನಾನು ಕೆಮ್ಮುತ್ತೇನೆ, ಚಾಕು ಜಾರುತ್ತದೆ, ದನಿ ಹೋಗುತ್ತದೆ.

ಯಾರದಾದರೂ ದನಿ ತೆಗೆದರೆ ಆ ಮನುಷ್ಯನೇ ಮೈಮೇಲೆ ಬರುವುದು ನನಗೆ ರೂಢಿ. ನಿದ್ದೆಯನ್ನೂ ಹಾಗೇ ಕರೆಸೋಣವೆಂದು, ನಮ್ಮ ಬಳಗದಲ್ಲೇ ಗಾಢವಾಗಿ ಮಲಗುವ ಮಾಮಾನ ಗೊರಕೆ ಶುರುಮಾಡಿದೆ.

“ಗೊರಕಿ ಯಾರದಪಾ?” ಎಂದರು ಡಾಕ್ಟರು.

“ಮಾಮಾಂದ್ರಿ” ಎಂದೆ, ಮಾಸ್ಕಿನೊಳಗಿಂದಲೇ.

“ಮಾಮಾನ್ನ ಹೊರಗ ಬಿಟ್ಟು ನಿಂದ ಉಸಿರು ತಗೋ. ಇದು ನಿದ್ದಿ ಔಷಧ ಅಲ್ಲ, ಬರೇ ಆಕ್ಸಿಜನ್. ನಳ ಹೋಗೂ ಮೊದಲ ಮನ್ಯಾಗ ಕೊಡ ತುಂಬಿ ಇಡ್ತೀರಿಲ್ಲೋ, ಹಂಗ. ಇಂಜೆಕ್ಷನ್ ಕೊಟ್ಟ ಮ್ಯಾಲ ನಿನ್ನ ಉಸಿರು ನಿಲ್ತದ. ನಾವು ಗಂಟಲದಾಗ ನಳಿಗಿ ಇಳಸೂ ತನಕ ಎದ್ಯಾಗ ತುಂಬಿದ್ದ ಸಾಕಾಗಬೇಕು.”

ಉಸಿರು ನಿಲ್ಲುವುದಕ್ಕೆ ನಮ್ಮ ಮನೆಯಲ್ಲಿ ಬೇರೆಯೇ ಹೆಸರಿದೆ. ಇವರು ನಳ ಬಂದಾದಷ್ಟು ಸಲೀಸಾಗಿ ಹೇಳುತ್ತಿದ್ದರು. ತಿಳಿಯಿತೆಂದು ತಲೆಯಾಡಿಸಿದೆ, ಏನೂ ತಿಳಿದಿರಲಿಲ್ಲ. ಆಸೆಬುರುಕನಂತೆ ಉಸಿರೆಳೆದೆ. ತೋಳಿಗೆ ಸೂಜಿ ಚುಚ್ಚಿತು. ಕೊಡ ತುಂಬಿತೇ ಎಂದು ಡಾಕ್ಟರರ ದನಿಯಲ್ಲೇ ಕೇಳಬೇಕೆನ್ನುವಷ್ಟರಲ್ಲಿ ದೀಪ ಇಲ್ಲವಾಯಿತು.

ಎಚ್ಚರವಾದಾಗ ಮಾಮಾ ಬಗ್ಗಿ ನೋಡುತ್ತಿದ್ದ. “ನೀರು” ಎಂದೆ.

“ಇದ್ಯಾರ ದನಿ ಲೇ? ನಾ ಎಂದೂ ಕೇಳಿಲ್ಲ” ಎಂದ.

ನಾನೂ ಕೇಳಿರಲಿಲ್ಲ. ಗಂಟಲಿನ ಬಾವು ಇಳಿದರೆ ಸರಿಹೋಗುತ್ತದೆ ಎಂದಳು ನರ್ಸ್.

ಈಗ ನನ್ನ ಗಂಟಲಿಗೆ ಕಂಡಕ್ಟರ್ ಮರಳಿದ್ದಾನೆ, ಸಾಹುಕಾರನೂ ಬಂದಿದ್ದಾನೆ. ನನ್ನ ಸ್ವಂತ ದನಿ ಮೊದಲಿನಂತೆಯೇ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಮೊದಲು ಹೇಗಿತ್ತೆಂದು ಅಣಕಿಸಿ ತೋರಿಸುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.